ಕೋಯನ್ ಬ್ರದರ್ಸ್ ಸಿನಿಮಾ ಅಂತ ಅನ್ನಿಸ್ಲೇ ಇಲ್ವಾ 'ಟ್ರೂ ಗ್ರಿಟ್'?

ಪ್ರಶ್ನೆ: ಸರ್, ನಾನು ಹಾಲಿವುಡ್ ನಿರ್ದೇಶಕರಾದ ಅಣ್ಣ ತಮ್ಮ ಕೋಯನ್ ಬ್ರದರ್ಸ್ ಫ್ಯಾನ್. 'ಫಾರ್ಗೋ', 'ನೋ ಕಂಟ್ರಿ ಫಾರ್ ಓಲ್ಡ್ ಮೆನ್' ಎರಡೂ ಬಾಯಿಪಾಠ ಆಗೋಷ್ಟು ನೋಡಿದೀನಿ. ಮೊನ್ನೆ ಅವರ 2010ರ 'ಟ್ರೂ ಗ್ರಿಟ್' ನೋಡ್ದೆ. ಚೆನ್ನಾಗಿದೆ, ಆದ್ರೆ ಯಾರು ಬೇಕಾದ್ರೂ ಮಾಡಬಹುದಾಗಿದ್ದ ಒಂದು ನೀಟಾದ ವೆಸ್ಟರ್ನ್ (ಕೌಬಾಯ್ ಸಿನಿಮಾ) ಅನ್ನಿಸ್ತು, ಅವರ ಛಾಪು ಕಾಣಲಿಲ್ಲ. ಪಾತ್ರಗಳೆಲ್ಲ ಯಾಕೆ ಪುಸ್ತಕ ಓದ್ದಂಗೆ ಮಾತಾಡ್ತಾರೆ? ಕೊನೆ ಯಾಕೆ ಅಷ್ಟು ಸಪ್ಪೆ? ಜಾನ್ ವೇಯ್ನ್ ಮಾಡಿದ ಹಳೇದೇ ವಾಸಿ ಅಂತಾನೆ ನನ್ನ ಫ್ರೆಂಡು, ನಿಜಾನಾ?

ಉತ್ತರ: ಕಥೆ ಪೂರ್ತಿ ಬಿಚ್ಚಿಟ್ಟೇ ಮಾತಾಡ್ತೀನಿ, ನೋಡದೇ ಇರೋರು ಇಲ್ಲೇ ನಿಲ್ಲಿಸಿ ಸಿನಿಮಾ ನೋಡ್ಕೊಂಡು ಬನ್ನಿ.

ನಿಮ್ಮ ಕಂಪ್ಲೇಂಟ್ ಹೊಸದಲ್ಲ. ಕೋಯನ್ ಫ್ಯಾನ್‌ಗಳು ನಾಲ್ಕು ಜನ ಸೇರಿದ್ರೆ ಒಬ್ಬರಾದ್ರೂ ಇದನ್ನ ಹೇಳೇ ಹೇಳ್ತಾರೆ, ಹಾಗೆ ಅನ್ನಿಸೋಕೆ ಕಾರಣಾನೂ ಇದೆ. ಸ್ಪೀಲ್‌ಬರ್ಗ್ ಎಕ್ಸಿಕ್ಯುಟಿವ್ ಪ್ರೊಡ್ಯೂಸರ್, ಮಕ್ಕಳೂ ದೊಡ್ಡವರ ಜೊತೆ ನೋಡಬಹುದಾದ ಪಿಜಿ-13 ರೇಟಿಂಗ್, ಕ್ರಿಸ್‌ಮಸ್ ಟೈಮಲ್ಲಿ ರಿಲೀಸ್, ಸುಮಾರು 38 ಮಿಲಿಯನ್ ಡಾಲರ್ ಹಾಕಿ 250 ಮಿಲಿಯನ್ ದಾಟಿಸಿದ್ರು, ಅವರ ಸಿನಿಮಾಗಳಲ್ಲೇ ಅತಿ ಹೆಚ್ಚು ದುಡ್ಡು ಮಾಡಿದ್ದು ಇದೇನೇ. ಇಷ್ಟು ಜನಕ್ಕೆ ಹಿಡಿಸಿದ ಮೇಲೆ ಇದು ನಮ್ಮವರ ಸಿನಿಮಾ ಹೇಗಾಗತ್ತೆ ಅಂತ ಫ್ಯಾನ್‌ಗಳಿಗೆ ಒಂದು ಮುನಿಸು, ಅದು ಎಲ್ಲಾ ಫ್ಯಾನ್‌ಗಳಿಗೂ ಇರೋ ಕಾಯಿಲೆ ಬಿಡಿ.

ಆದ್ರೆ ಒಂದು ಸಲ ಹೀಗೆ ಯೋಚನೆ ಮಾಡಿ ನೋಡಿ. 1984ರಲ್ಲಿ ಬಂದ ಅವರ ಮೊದಲನೇ ಸಿನಿಮಾ 'ಬ್ಲಡ್ ಸಿಂಪಲ್'ನಲ್ಲಿ ಏನಾಗತ್ತೆ? ಹೆಂಡತಿ ಮೇಲೆ ಸಿಟ್ಟಾದ ಗಂಡ ಒಬ್ಬ ಡಿಟೆಕ್ಟಿವ್‌ಗೆ ದುಡ್ಡು ಕೊಟ್ಟು ಕೊಲೆ ಮಾಡು ಅಂತಾನೆ. 'ಫಾರ್ಗೋ'ದಲ್ಲಿ ಸಾಲದಲ್ಲಿ ಮುಳುಗಿರೋ ಕಾರ್ ಸೇಲ್ಸ್‌ಮನ್ ಇಬ್ಬರಿಗೆ ಸುಪಾರಿ ಕೊಟ್ಟು ಸ್ವಂತ ಹೆಂಡತೀನೇ ಕಿಡ್ನ್ಯಾಪ್ ಮಾಡಿಸ್ತಾನೆ. ಕಷ್ಟದ ಕೆಲಸಾನ ಹಿಂಸೆ ಗೊತ್ತಿರೋ ಒಬ್ಬನಿಗೆ ಗುತ್ತಿಗೆ ಕೊಟ್ಟು ತಾನು ಮನೇಲಿ ಕೈ ತೊಳ್ಕೊಂಡು ಕೂತಿರ್ತೀನಿ ಅಂದ್ಕೊಳ್ಳೋನು, ಆಮೇಲೆ ಕೈ ಮೀರಿ ಹೋಗೋ ಲೆಕ್ಕ, ಕೊನೆಗೆ ಮನೆ ಬಾಗಿಲಿಗೆ ಬರೋ ಬಿಲ್ಲು, ಇದು ಅವರ ಹಳೇ ಕಥೆ, ಮತ್ತೆ ಮತ್ತೆ ಹೇಳಿರೋ ಕಥೆ. 'ಟ್ರೂ ಗ್ರಿಟ್' ಕೂಡ ಅದೇನೇ! ಹದಿನಾಲ್ಕು ವರ್ಷದ ಮ್ಯಾಟಿ ರಾಸ್ ಅನ್ನೋ ಹುಡುಗಿ, ಅಪ್ಪನ್ನ ಕೊಂದ ಟಾಮ್ ಚೇನಿನ ಹಿಡಿಯೋಕೆ ನೂರು ಡಾಲರ್ ಮಾತಾಡಿ ರೂಸ್ಟರ್ ಕಾಗ್‌ಬರ್ನ್ (ಜೆಫ್ ಬ್ರಿಜಸ್) ಅನ್ನೋ ಒಕ್ಕಣ್ಣಿನ ಕುಡುಕ ಮಾರ್ಷಲ್‌ನ ಗೊತ್ತುಮಾಡ್ಕೊಳ್ತಾಳೆ. ವ್ಯತ್ಯಾಸ ಒಂದೇ, ಈ ಸಲ ಕೆಲಸ ಕೊಟ್ಟೋಳು ಪ್ರಾಮಾಣಿಕಳು, ಮನೇಲಿ ಕೂರೋದಿಲ್ಲ, ನನ್ನ ದುಡ್ಡಿನ ಕೆಲಸ ನನ್ನ ಕಣ್ಣೆದುರೇ ಆಗಬೇಕು ಅಂತ ಜೊತೆಗೇ ಹೊರಡ್ತಾಳೆ. ಬಿಲ್ಲು ಬಂದಾಗ ಅವಳೇ ಕಟ್ತಾಳೆ, ಯಾರ ಮೇಲೂ ಹಾಕೋದಿಲ್ಲ.

ಇದನ್ನ ತಲೇಲಿ ಇಟ್ಕೊಂಡು ಮೊದಲರ್ಧ ಗಂಟೆ ಇನ್ನೊಂದು ಸಲ ನೋಡಿ, ಎಲ್ಲಾ ಸೀನೂ ವ್ಯಾಪಾರಾನೇ. ಸಿನಿಮಾ ಶುರುವಾಗೋದೇ ಈ ಲೋಕದಲ್ಲಿ ಪುಕ್ಕಟೆ ಯಾವುದೂ ಸಿಗಲ್ಲ, ದೇವರ ಕೃಪೆ ಒಂದು ಬಿಟ್ಟು, ಅನ್ನೋ ಅರ್ಥದ ಮ್ಯಾಟಿ ಮಾತಿಂದ. ಅಪ್ಪನ ಹೆಣದ ಮುಂದೆ ನಿಂತು ಶವಸಂಸ್ಕಾರದವನ ಹತ್ರ ರೇಟ್ ಜಾಸ್ತಿ ಆಯ್ತು ಅಂತಾಳೆ, ಲಾಡ್ಜಿಂಗ್ ದುಡ್ಡು ಉಳಿಸೋಕೆ ಆ ರಾತ್ರಿ ಅಲ್ಲೇ ಹೆಣಗಳ ಪಕ್ಕ ಮಲಗ್ತಾಳೆ. ಆಮೇಲೆ ಕುದುರೆ ವ್ಯಾಪಾರಿ ಸ್ಟೋನ್‌ಹಿಲ್ ಜೊತೆ ಚೌಕಾಸಿ, ನನ್ನ ಲೆಕ್ಕದಲ್ಲಿ ಇಡೀ ಸಿನಿಮಾದ ಬೆಸ್ಟ್ ಸೀನ್ ಅದೇ, ಒಂದು ಗುಂಡೂ ಹಾರಲ್ಲ. ಅಪ್ಪ ಕೊಂಡಿದ್ದ ಪೋನಿಗಳನ್ನ (ಗಿಡ್ಡ ಕುದುರೆ) ಅವನಿಗೇ ವಾಪಸ್ ತಗೋ ಅಂತ ಹಠ, ಅವನ ಲಾಯದಿಂದ ಕಳುವಾದ ಅಪ್ಪನ ಕುದುರೆಗೂ ದುಡ್ಡು ಕೊಡು ಅಂತ ಇನ್ನೊಂದು ಹಠ, ಕೊಡಲ್ಲ ಅಂದ್ರೆ ನಮ್ಮ ಲಾಯರ್ ಹತ್ರ ಹೋಗ್ತೀನಿ ಅಂತ ಬೆದರಿಕೆ, ಆ ಮನುಷ್ಯ ಬೆವೆತು ಸುಸ್ತಾಗಿ ಒಪ್ಕೊಳ್ತಾನೆ, ಇವಳು ಮರುದಿನ ಬಂದು ಅದೇ ಪೋನಿಗಳಲ್ಲಿ ಒಂದನ್ನ ಅವನ ಹತ್ರಾನೇ ಕಮ್ಮಿ ರೇಟಿಗೆ ಕೊಂಡ್ಕೊಂಡು ಹೋಗ್ತಾಳೆ. ಮ್ಯಾಟಿ ಪಾತ್ರ ಮಾಡಿದ ಹೇಲೀ ಸ್ಟೈನ್‌ಫೆಲ್ಡ್‌ಗೆ ಶೂಟಿಂಗ್ ಟೈಮಲ್ಲಿ ಹದಿಮೂರು ವರ್ಷ. ಎದುರುಗಡೆ ಇರೋದು ಡೇಕಿನ್ ಮ್ಯಾಥ್ಯೂಸ್ ಅನ್ನೋ ಪಳಗಿದ ನಟ, ಅಂಥವರ ಮುಂದೆ ಈ ಮಗು ಒಂದು ಸಲಾನೂ ಕಣ್ಣು ಮಿಟುಕಿಸ್ದೆ ರೇಟ್ ಏರಿಸ್ತಾ ಹೋಗತ್ತೆ.

ಮಾರ್ಷಲ್‌ನ ಆರಿಸೋದೂ ಅಂಗಡೀಲಿ ಸಾಮಾನು ಆರಿಸ್ದಂಗೇ. ಜಾಡು ಹಿಡಿಯೋದ್ರಲ್ಲಿ ಇಂಥವನು, ನ್ಯಾಯವಂತ ಇಂಥವನು, ಕ್ರೂರಿ ಅಂದ್ರೆ ರೂಸ್ಟರ್ ಅಂತ ಶೆರಿಫ್ ಹೇಳ್ತಿದ್ದ ಹಾಗೇ ಅವಳು ಕ್ರೂರಿ ಎಲ್ಲಿ ಸಿಗ್ತಾನೆ ಅಂತ ಕೇಳ್ತಾಳೆ. ನ್ಯಾಯ ಬೇಕು ಅಂತ ಹೊರಟೋಳು ನ್ಯಾಯವಂತನ್ನ ಬಿಟ್ಟು ಕ್ರೂರೀನ ಆರಿಸ್ಕೊಂಡ್ಳು. ಯಾರೂ ಇದನ್ನ ಬಾಯಿ ಬಿಟ್ಟು ಹೇಳಲ್ಲ, ಡೈಲಾಗು ಹಾಗೇ ಮುಂದೆ ಹೋಗ್ಬಿಡತ್ತೆ. ಛಾಪು ಕಾಣಲಿಲ್ಲ ಅಂದ್ರಲ್ಲ, ಇದಕ್ಕಿಂತ ಇನ್ನೇನು ಬೇಕು ಹೇಳಿ.

ಇಲ್ಲಿ ಸ್ವಲ್ಪ ಇತಿಹಾಸ ಗೊತ್ತಿದ್ರೆ ಸಿನಿಮಾ ಇನ್ನೂ ರುಚಿಸತ್ತೆ. ಅರ್ಕನ್ಸಾ ರಾಜ್ಯದ ಫೋರ್ಟ್ ಸ್ಮಿತ್ ಊರಿನ ಪಶ್ಚಿಮಕ್ಕೆ ಆಗ ಇಂಡಿಯನ್ ಟೆರಿಟರಿ, ಅಂದ್ರೆ ಚಾಕ್ಟಾ ಮುಂತಾದ ಮೂಲನಿವಾಸಿ ಜನಾಂಗಗಳನ್ನ ಅವರವರ ನೆಲದಿಂದ ಎಬ್ಬಿಸಿ ತಂದು ಕೂರಿಸಿದ್ದ ಜಾಗ, 1907ರಲ್ಲಿ ಅದೇ ಓಕ್ಲಹೋಮ ರಾಜ್ಯದ ಭಾಗ ಆಯ್ತು. ಆ ಜನಾಂಗಗಳ ಕೋರ್ಟಿಗೆ ಹೊರಗಿನ ಬಿಳಿಯರ ಮೇಲೆ ಅಧಿಕಾರ ಇಲ್ಲ, ಅರ್ಕನ್ಸಾ ಶೆರಿಫ್‌ಗೆ ಗಡಿ ದಾಟೋ ಹಾಗಿಲ್ಲ, ಹಾಗಾಗಿ ಕೊಲೆಗಾರರು ಕಳ್ಳರು ಎಲ್ಲ ಅಲ್ಲಿಗೇ ಓಡ್ತಿದ್ರು. ಹಿಡ್ಕೊಂಡು ಬರೋ ಅಧಿಕಾರ ಇದ್ದಿದ್ದು ಫೋರ್ಟ್ ಸ್ಮಿತ್‌ನ ಫೆಡರಲ್ ಕೋರ್ಟಿನ ಮಾರ್ಷಲ್‌ಗಳಿಗೆ. ಆ ಕೋರ್ಟಿನ ಜಡ್ಜ್ ಐಸಾಕ್ ಪಾರ್ಕರ್ ನಿಜವಾದ ವ್ಯಕ್ತಿ, 1875ರಿಂದ 1896ರವರೆಗೆ ಇಪ್ಪತ್ತೊಂದು ವರ್ಷದಲ್ಲಿ 160 ಜನಕ್ಕೆ ಮರಣದಂಡನೆ ಕೊಟ್ಟ, ಅದ್ರಲ್ಲಿ 79 ಜನರನ್ನ ಗಲ್ಲಿಗೇರಿಸಿದ್ರು. ಡೆಪ್ಯೂಟಿ ಮಾರ್ಷಲ್‌ಗಳಿಗೆ ತಿಂಗಳ ಸಂಬಳ ಇರ್ಲಿಲ್ಲ, ಹಿಡಿದು ತಂದವನ ಮೇಲೆ ಫೀಸು, ತಿರುಗಿದ ಮೈಲಿ ಲೆಕ್ಕದಲ್ಲಿ ಬತ್ತೆ. ಅಂದ್ರೆ ಮ್ಯಾಟಿ ಮಾತ್ರ ಲೆಕ್ಕ ಹಾಕ್ತಿರೋದಲ್ಲ, ಅಲ್ಲಿಯ ಕಾನೂನೇ ಪೀಸ್‌ವರ್ಕ್ ಮೇಲೆ ನಡೀತಿತ್ತು. ರೂಸ್ಟರ್ ಕೋರ್ಟಲ್ಲಿ ಕಟಕಟೆ ಹತ್ತಿ ಯಾರ್ಯಾರನ್ನ ಎಲ್ಲೆಲ್ಲಿ ಸುಟ್ಟೆ ಅಂತ ತಡಬಡಾಯಿಸೋ ಸೀನ್ ಇದೆಯಲ್ಲ, ಅದನ್ನ ಈ ಹಿನ್ನೆಲೇಲಿ ನೋಡಿ.

ಈಗ ಮಾತಿನ ವಿಷಯ. ಆ ಡೈಲಾಗ್ ಬಹುಪಾಲು ಚಾರ್ಲ್ಸ್ ಪೋರ್ಟಿಸ್ 1968ರಲ್ಲಿ ಬರೆದ ಕಾದಂಬರೀದು. ಪೋರ್ಟಿಸ್ ಅರ್ಕನ್ಸಾದವನೇ, ಪೇಪರ್ ರಿಪೋರ್ಟರ್ ಆಗಿದ್ದವನು. ಕಾದಂಬರೀನ ಹೇಳೋದು ಎಷ್ಟೋ ವರ್ಷ ಆದ್ಮೇಲೆ, ಮದುವೆ ಆಗದೇ ಉಳಿದ, ದುಡ್ಡಿನ ವಿಷಯದಲ್ಲಿ ಭಾರಿ ಬಿಗಿಯಾದ, ಬೈಬಲ್ ಅರೆದು ಕುಡಿದ ಮುದುಕಿ ಮ್ಯಾಟಿ. ಎಲ್ಲಾ ಪಾತ್ರದ ಮಾತೂ ಅವಳ ಬಾಯಿಂದ ಫಿಲ್ಟರ್ ಆಗಿ ಬರೋದ್ರಿಂದ ಕಳ್ಳನೂ ಗ್ರಾಂಥಿಕ, ಕುಡುಕನೂ ಗ್ರಾಂಥಿಕ. ಇಂಗ್ಲಿಷಲ್ಲಿ ಮಾತಾಡುವಾಗ ಪದಗಳನ್ನ ಕೂಡಿಸಿ ಮೊಟಕು ಮಾಡ್ತಾರಲ್ಲ, ಇಲ್ಲಿ ಬಹುಪಾಲು ಅದನ್ನ ಮಾಡೋದೇ ಇಲ್ಲ, ಪೂರ್ತಿ ಪೂರ್ತಿ ಪದ. ನಮಗೆ ಇದು ಕಷ್ಟ ಆಗಬಾರದು, ತಾಳಮದ್ದಳೆಯಲ್ಲಿ ಇಬ್ಬರು ಅರ್ಥಧಾರಿಗಳು ಒಬ್ಬರ ಮಾನ ಒಬ್ಬರು ಹರಾಜು ಹಾಕ್ತಿರುವಾಗ್ಲೂ ಒಂದು ವಿಭಕ್ತಿ ಪ್ರತ್ಯಯ ಬಿಡಲ್ಲ ಅಲ್ವಾ, ಆ ಮಜಾನೇ ಇದು. ಭಾಷೆ ಎಷ್ಟು ಮಡಿಯೋ ಬೈಗುಳ ಅಷ್ಟು ಚುರುಕು. ಮ್ಯಾಟ್ ಡೇಮನ್ ಮಾಡಿರೋ ಲಬೀಫ್ ಪಾತ್ರ, ಚೇನಿನ ಬೆನ್ನಟ್ಟಿ ಇವರ ಜೊತೆ ಸೇರೋ ಆ ಟೆಕ್ಸಸ್ ರೇಂಜರ್ (ಟೆಕ್ಸಸ್ ರಾಜ್ಯದ ಪೊಲೀಸ್), ಇದರಿಂದಲೇ ಗೆಲ್ಲೋದು. ಜಂಬದ ಕೋಳಿ, ತನ್ನ ಬಗ್ಗೆ ತಾನೇ ಭಾಷಣ ಬಿಗೀತಾನೆ, ಅಂಥವನಿಗೆ ಸಿನಿಮಾ ಅರ್ಧದಲ್ಲಿ ಹಲ್ಲಿಗೆ ಸಿಕ್ಕಿ ನಾಲಿಗೆ ಕತ್ತರಿಸೋ ಹಾಗಾಗತ್ತೆ, ಆದ್ರೂ ತೊದಲಿಕೊಂಡೇ ಭಾಷಣ ಮುಂದುವರಿಸ್ತಾನೆ. ಈ ನಾಲಿಗೆ ವಿಷಯ ಕಾದಂಬರೀಲಿ ಇಲ್ಲ, ಇವರೇ ಸೇರಿಸಿದ್ದು. ಮಾತಿನಿಂದಲೇ ಬದುಕೋನ ನಾಲಿಗೇಗೇ ಕೈ ಹಾಕೋ ಕುಚೋದ್ಯ ಕೋಯನ್‌ಗಳದ್ದಲ್ದೆ ಇನ್ಯಾರದ್ದು!

ಇವರೇ ಸೇರಿಸಿದ್ದು ಇನ್ನೊಂದಿದೆ. ಕಾಡಲ್ಲಿ ಬಹಳ ಎತ್ತರದ ಮರದಲ್ಲಿ ಒಂದು ಹೆಣ ನೇತಾಡ್ತಿರತ್ತೆ, ಚೇನಿ ಇರಬಹುದಾ ನೋಡು ಅಂತ ರೂಸ್ಟರ್ ಮ್ಯಾಟೀನ ಮರ ಹತ್ತಿಸ್ತಾನೆ, ಅವಳು ಹಗ್ಗ ಕುಯ್ದು ಕೆಳಗೆ ಬೀಳಿಸ್ತಾಳೆ, ಅವನಲ್ಲ. ದಾರೀಲಿ ಬಂದ ಒಬ್ಬ ಇಂಡಿಯನ್, ಅಂದ್ರೆ ಅಲ್ಲಿಯ ಮೂಲನಿವಾಸಿ, ಆ ಹೆಣಾನ ತಗೊಂಡು ಹೋಗ್ತಾನೆ. ಸ್ವಲ್ಪ ಹೊತ್ತಿಗೆ ಹಿಮದಲ್ಲಿ ಕುದುರೆ ಮೇಲೆ ಒಂದು ಕರಡಿ ಬರತ್ತೆ, ನೋಡಿದ್ರೆ ಕರಡಿ ಚರ್ಮ ಹೊದ್ದಿರೋ ಹಲ್ಲು ಡಾಕ್ಟ್ರು, ಹಿಂದೆ ಅದೇ ಹೆಣ. ಹಲ್ಲು ನೋಡೋ ಕನ್ನಡಿ, ಕೆಮ್ಮಿನ ಔಷಧಿ ಕೊಟ್ಟು ಆ ಇಂಡಿಯನ್ ಹತ್ರ ಕೊಂಡ್ಕೊಂಡಿದ್ದಾನೆ, ಹಲ್ಲೆಲ್ಲ ಕಿತ್ಕೊಂಡಾಗಿದೆ, ಉಳಿದಿದ್ದು ಬೇಕಾ ಅಂತ ಇವರನ್ನ ಕೇಳ್ತಾನೆ. ತುಂಬಾ ಜನ ಇದನ್ನ ಸುಮ್ನೆ ವಿಚಿತ್ರ ಸೀನ್ ಅಂತಾರೆ, ಕಥೆಗೆ ಏನೂ ಸಂಬಂಧ ಇಲ್ಲ ಅಂತಾರೆ. ಸಂಬಂಧ ಇಲ್ದೆ ಏನು? ಯಾರದ್ದು ಅಂತಾನೂ ಗೊತ್ತಿಲ್ಲದ ಹೆಣ ಕೈಯಿಂದ ಕೈಗೆ ಮಾರಾಟ ಆಗ್ತಿದೆ. ಶವದ ಮುಂದೆ ಚೌಕಾಸಿ ಮಾಡಿದ ಹುಡುಗಿ ಅದನ್ನ ನೋಡ್ತಾ ನಿಂತಿದ್ದಾಳೆ. ಕಾದಂಬರೀಲಿ ಇಲ್ಲದ ಈ ಭಾಗಾನ ಇವರು ಸುಮ್ನೆ ಬರ್ಕೊಂಡ್ರು ಅಂತ ನಂಗೆ ಅನ್ಸಲ್ಲ.

ಇನ್ನು ನಿಮ್ಮ ಫ್ರೆಂಡ್ ವಿಷಯ. 1969ರದ್ದು ಹೆನ್ರಿ ಹ್ಯಾಥವೇ ನಿರ್ದೇಶನ, ಜಾನ್ ವೇಯ್ನ್‌ಗೆ ಜೀವನದಲ್ಲಿ ಸಿಕ್ಕಿದ ಒಂದೇ ಬೆಸ್ಟ್ ಆ್ಯಕ್ಟರ್ ಆಸ್ಕರ್ ಅದಕ್ಕೆ. ಖುಷಿಯಾಗಿ ನೋಡಬಹುದಾದ ಸಿನಿಮಾ, ನಾನು ಬೈಯಲ್ಲ. ರಾಬರ್ಟ್ ಡುವಾಲ್ ದರೋಡೆ ಗ್ಯಾಂಗಿನ ನಾಯಕ ನೆಡ್ ಪೆಪರ್ ಆಗಿದಾರೆ, ಡೆನಿಸ್ ಹಾಪರ್ ಒಂದು ಚಿಕ್ಕ ಪಾತ್ರದಲ್ಲಿ ಬಂದು ಸಾಯ್ತಾರೆ, ಅದಕ್ಕಾದ್ರೂ ನೋಡಿ. ಆದ್ರೆ ಅದು ವೇಯ್ನ್ ಹಬ್ಬ. ಮ್ಯಾಟಿ ಮಾಡಿದ ಕಿಮ್ ಡಾರ್ಬಿಗೆ ಆಗ ಇಪ್ಪತ್ತು ದಾಟಿತ್ತು, ಹಾಗಾಗಿ ಮಗು ಒಂದು ಈ ಕೆಲಸಕ್ಕೆ ಇಳಿದಿದೆ ಅನ್ನೋ ದಿಗಿಲೇ ಹುಟ್ಟಲ್ಲ. ಶೂಟಿಂಗ್ ಕೊಲರಾಡೋದಲ್ಲಿ, ಹಿಂದುಗಡೆ ಹಿಮದ ಶಿಖರಗಳು, ಹಳದಿ ಬಣ್ಣಕ್ಕೆ ತಿರುಗಿದ ಆ್ಯಸ್ಪೆನ್ ಮರಗಳು, ಕಣ್ಣಿಗೆ ತಂಪು, ಆದ್ರೆ ಕಥೆ ನಡೆಯೋ ಕಡೆ ಅಂಥ ಪರ್ವತ ಎಲ್ಲಿಂದ ಬರ್ಬೇಕು! (ಕೋಯನ್‌ಗಳೂ ನ್ಯೂ ಮೆಕ್ಸಿಕೋ, ಟೆಕ್ಸಸ್‌ನಲ್ಲಿ ತೆಗೆದಿದ್ದು, ಆದ್ರೆ ರಾಜರ್ ಡೀಕಿನ್ಸ್ ಕ್ಯಾಮೆರಾ ಎಲೆ ಉದುರಿದ ಬೋಳು ಮರ, ಮಂಕು ಬೂದು ಬಣ್ಣ ಹಿಡಿದು ಚಳಿ ಹತ್ತಿಸತ್ತೆ.) ಮುಖ್ಯವಾದ ವ್ಯತ್ಯಾಸ ಬೇರೆ ಇದೆ. ಹಳೇದ್ರಲ್ಲಿ ಚೇನಿನ ಮುಗಿಸೋದು ರೂಸ್ಟರ್, ಮ್ಯಾಟಿ ಕೈ ಉಳಿಯತ್ತೆ, ಕೊನೇಲಿ ವೇಯ್ನ್ ಕುದುರೆ ಮೇಲೆ ಬೇಲಿ ಹಾರಿ ಟೋಪಿ ಬೀಸಿ ಹೋಗ್ತಾನೆ, ಶಿಳ್ಳೆ ಹೊಡೀಬೇಕು ಅನ್ಸತ್ತೆ. ಲಬೀಫ್ ಪಾಪ ಅಲ್ಲಿ ಸಾಯ್ತಾನೆ, ಒಟ್ಟು ಬಿಲ್ಲಲ್ಲಿ ಅವನೊಬ್ಬನೇ ಐಟಂ.

ಕೋಯನ್‌ಗಳು ಹಳೇ ಸಿನಿಮಾನ ಪಕ್ಕಕ್ಕಿಟ್ಟು ಪುಸ್ತಕಕ್ಕೆ ವಾಪಸ್ ಹೋದ್ರು. ಹಾಗಾಗಿ ರೀಮೇಕ್ ಅನ್ನೋದು ಸರಿಯಾಗಲ್ಲ. ಇಲ್ಲಿ ಟ್ರಿಗರ್ ಎಳೆಯೋದು ಮ್ಯಾಟಿನೇ. ಅವಳ ಒಂದು ಗುಂಡಿಗೆ ಚೇನಿ ಬಂಡೆಯಿಂದ ಕೆಳಗೆ, ಅದೇ ಗುಂಡಿನ ಒದೆತಕ್ಕೆ ಅವಳು ಹಿಂದಕ್ಕೆ ಹಾರಿ ಹಾವಿರೋ ಹಳ್ಳಕ್ಕೆ. ಸೇಡು ತೀರಿದ ಖುಷಿ ಎರಡು ಸೆಕೆಂಡೂ ಸಿಗಲ್ಲ, ರಶೀದಿ ಸ್ಥಳದಲ್ಲೇ ಕೈಗೆ ಬರತ್ತೆ. ಅಷ್ಟರ ಮೇಲೆ ಆ ಚೇನಿ ಎಂಥವನು ನೋಡಿ, ಆ ಪಾತ್ರದ ಜಾಶ್ ಬ್ರೋಲಿನ್ ಬರೋದೇ ಮುಕ್ಕಾಲು ಸಿನಿಮಾ ಮುಗಿದ ಮೇಲೆ, ಬಂದ್ರೂ ದೊಡ್ಡ ರಾಕ್ಷಸ ಏನಲ್ಲ, ಮಂದಬುದ್ಧಿ, ಎಲ್ಲದಕ್ಕೂ ನಂಗೇ ಯಾಕೆ ಹೀಗಾಗತ್ತೆ ಅಂತ ಗೊಣಗೋನು. ಇಷ್ಟೆಲ್ಲ ಮಾಡಿದ್ದು ಇವನಿಗಾಗಿನಾ ಅಂತ ನಮಗೇ ಅನ್ಸತ್ತೆ. ವೆಸ್ಟರ್ನ್ ಅಂದ್ರೆ ನಮ್ಮ ತಲೇಲಿ ಇಟಲಿಯ ಸರ್ಜಿಯೊ ಲಿಯೋನಿ ಸಿನಿಮಾಗಳು, ರಾಮನಗರದ ಬಂಡೆಗಳಲ್ಲಿ ತೆಗೆದ 'ಶೋಲೆ', ಅಲ್ಲಿ ವಿಲನ್ ತೂಕದ ಮೇಲೇ ಕಥೆ ತೂಕ ನಿಂತಿರತ್ತೆ, ಹಾಗಾಗಿ ಇಲ್ಲಿ ಕೆಲವರಿಗೆ ಕೈ ಕೊಟ್ರು ಅನ್ನಿಸೋದು ಸಹಜ.

ಆಮೇಲಿನ ಕುದುರೆ ಓಟದ ಬಗ್ಗೆ ಹೇಳ್ದೇ ಇದ್ರೆ ತಪ್ಪಾಗತ್ತೆ. ಹಾವು ಕಚ್ಚಿರೋ ಹುಡುಗೀನ ಎತ್ಕೊಂಡು ರೂಸ್ಟರ್ ಅವಳ ಪ್ರೀತಿಯ ಕುದುರೆ ಬ್ಲ್ಯಾಕಿನೇ ಓಡಿಸ್ತಾನೆ, ಹಗಲು ಕಳೆದು ರಾತ್ರಿ, ಮೇಲೆ ನಕ್ಷತ್ರ, ಅವಳಿಗೆ ಜ್ವರದ ಮಂಪರು, ಕುದುರೆ ಬಸವಳಿಯುತ್ತೆ, ಚಾಕು ಚುಚ್ಚಿ ಓಡಿಸ್ತಾನೆ, ಅವಳು ಬೇಡ ಬೇಡ ಅಂತ ಕಿರುಚ್ತಾಳೆ, ಕುದುರೆ ಕುಸಿದ ಮೇಲೆ ಅದಕ್ಕೆ ಗುಂಡಿಟ್ಟು, ಈ ವಯಸ್ಸಾದ ಕುಡುಕ ಅವಳನ್ನ ತೋಳಲ್ಲಿ ಎತ್ಕೊಂಡು ಏದುಸಿರು ಬಿಡ್ತಾ ಓಡ್ತಾನೆ. ಅಷ್ಟು ಹೊತ್ತು ಸೆಟ್ ಹಾಕಿದ್ದು ಕಾಣೋ ಹಾಗೆ, ಕನಸಿನ ಥರ ತೆಗೆದಿದಾರೆ ಅಂತ ಕೆಲವರು ಆಕ್ಷೇಪ ಎತ್ತಿದ್ರು, ನಂಗಂತೂ ಹಾಗೆ ಕನಸಾಗಿರೋದೇ ಸರಿ ಅನ್ಸತ್ತೆ, ನೆನಪಿಸಿಕೊಳ್ತಿರೋದು ಮುದುಕಿ ಮ್ಯಾಟಿ ತಾನೆ. ನೂರು ಡಾಲರ್ ಕರಾರಿನಲ್ಲಿ ಇದು ಇರಲಿಲ್ಲ. ಇಡೀ ಸಿನಿಮಾದಲ್ಲಿ ರೇಟ್ ಮಾತಾಡದೇ ನಡೆಯೋ ಕೆಲಸ ಅಂದ್ರೆ ಇದೊಂದೇ.

ಹಿಂದೆ ಕೇಳೋ ಟ್ಯೂನ್ 1887ರ ಒಂದು ಚರ್ಚ್ ಹಾಡು, ದೇವರ ಶಾಶ್ವತ ತೋಳುಗಳಿಗೆ ಒರಗಿದ್ದೀನಿ ಅನ್ನೋ ಅರ್ಥದ್ದು. ಸಂಗೀತ ನಿರ್ದೇಶಕ ಕಾರ್ಟರ್ ಬರ್ವೆಲ್ ಅದನ್ನೇ ಎಳೆ ಎಳೆಯಾಗಿ ಬಿಡಿಸಿ ಸಿನಿಮಾ ಪೂರ್ತಿ ಹಾಸಿದಾರೆ, ಕೊನೇಲಿ ಐರಿಸ್ ಡಿಮೆಂಟ್ ದನೀಲಿ ಬರತ್ತೆ, ತೆರೆ ಮೇಲೆ ಆಗ ನಾವು ನೋಡಿರೋದು ಆ ಹಾವಿನ ವಿಷಕ್ಕೆ ಒಂದು ತೋಳು ಕಳ್ಕೊಂಡ ಮ್ಯಾಟೀನ. ಹಳೇ ಹಾಡುಗಳ ಮೇಲೆ ಕಟ್ಟಿದ್ದು ಅಂತ ಆ ಸಂಗೀತಾನ ಆಸ್ಕರ್ ಸ್ಪರ್ಧೆಗೇ ತಗೊಳ್ಳಲಿಲ್ಲ. ಅದು ಬಿಟ್ಟು ಹತ್ತು ನಾಮಿನೇಷನ್ ಬಂತು, ಗೆದ್ದಿದ್ದು ಸೊನ್ನೆ. ಹೆಚ್ಚೂಕಮ್ಮಿ ಎಲ್ಲಾ ಸೀನಲ್ಲೂ ಇರೋ ಹುಡುಗೀನ ಸಪೋರ್ಟಿಂಗ್ ಆ್ಯಕ್ಟ್ರೆಸ್ ಲಿಸ್ಟಿಗೆ ಹಾಕಿದ್ದು ಸ್ಟುಡಿಯೋದವರ ಲೆಕ್ಕಾಚಾರ, ಅದನ್ನ ನೆನೆಸ್ಕೊಂಡ್ರೆ ಇವತ್ತೂ ಸಿಟ್ಟು ಬರತ್ತೆ ನಂಗೆ.

ಕೊನೆ ಸಪ್ಪೆ ಅಂದ್ರಿ. ಇಪ್ಪತ್ತೈದು ವರ್ಷ ಆದ್ಮೇಲೆ ಮ್ಯಾಟಿ ರೈಲಲ್ಲಿ ಮೆಂಫಿಸ್‌ಗೆ ಬರ್ತಾಳೆ, ರೂಸ್ಟರ್ ಅಲ್ಲಿ ಒಂದು ವೈಲ್ಡ್ ವೆಸ್ಟ್ ಶೋನಲ್ಲಿ ವೇಷ ಹಾಕ್ತಿದ್ದ, ಮೂರು ದಿನದ ಹಿಂದೆ ತೀರ್ಕೊಂಡ ಅಂತ ಗೊತ್ತಾಗತ್ತೆ. ಆ ಶೋ ನಡೆಸ್ತಿದ್ದ ಕೋಲ್ ಯಂಗರ್, ಫ್ರಾಂಕ್ ಜೇಮ್ಸ್ ಇಬ್ಬರೂ ನಿಜವಾದ ದರೋಡೆಕೋರರು, 1903ರಲ್ಲಿ ಅವರು ಅಂಥ ಶೋ ನಡೆಸಿದ್ದೂ ನಿಜ. ಅಂತರ್ಯುದ್ಧದ ಕಾಲದಲ್ಲಿ ಇಬ್ಬರೂ ಕ್ವಾಂಟ್ರಿಲ್ ಗ್ಯಾಂಗಲ್ಲಿ ಇದ್ದವರು, 1863ರಲ್ಲಿ ಕ್ಯಾನ್ಸಸ್‌ನ ಲಾರೆನ್ಸ್ ಊರಿಗೆ ನುಗ್ಗಿ ಸಿಕ್ಕ ಸಿಕ್ಕ ಗಂಡಸರು ಹುಡುಗರನ್ನ ಕೊಂದ ಗ್ಯಾಂಗ್ ಅದು. ರೂಸ್ಟರ್ ಕೂಡ ಅದೇ ಗ್ಯಾಂಗಿನವನು ಅನ್ನೋದು ಮೊದಲೇ ಅವನೂ ಲಬೀಫೂ ಬೆಂಕಿ ಮುಂದೆ ಕಿತ್ತಾಡುವಾಗ ಬಂದಿರತ್ತೆ, ಬೇಗ ಬಂದು ಬೇಗ ಹೋಗೋದ್ರಿಂದ ತಪ್ಪಿಹೋಗತ್ತೆ. ಅಂದ್ರೆ ನಾವು ಎರಡು ಗಂಟೆ ಪ್ರೀತಿಸಿದ ಹೀರೋ ಯಾರ ಜೊತೆ ಸೇರಿದ್ದವನು ಅಂತ ಕೊನೆ ಸೀನ್ ಮೆಲ್ಲಗೆ ಮತ್ತೆ ಜ್ಞಾಪಿಸತ್ತೆ, ಆ ಹಳೇ ಕೊಲೆಗಾರರು ಈಗ ಟಿಕೆಟ್ ಇಟ್ಟು ತಮ್ಮ ಕಥೇನೇ ಮಾರ್ತಾ ಇದಾರೆ. ಹೆಂಗಸು ಬಂದ್ರೂ ಎದ್ದು ನಿಲ್ಲದ ಫ್ರಾಂಕ್ ಜೇಮ್ಸ್‌ಗೆ ಮ್ಯಾಟಿ ಒಂದೇ ಮಾತಲ್ಲಿ ಉಗಿದು ಹೋಗ್ತಾಳೆ ನೋಡಿ, ಹದಿನಾಲ್ಕರ ಹುಡುಗಿ ಅಲ್ಲೇ ಇದಾಳೆ ಅಂತ ಗೊತ್ತಾಗತ್ತೆ. ಇದನ್ನ ಸಪ್ಪೆ ಅನ್ನೋಕೆ ನಂಗೆ ಮನಸ್ಸಿಲ್ಲ, ಉಪ್ಪು ಖಾರ ಮೇಲೆ ಚೆಲ್ಲಿಲ್ಲ ಅಷ್ಟೇ.

ನಂಗೆ ತಕರಾರು ಇರೋದು ಬೇರೆ ಕಡೆ. ಇಂಡಿಯನ್ ಟೆರಿಟರೀಲಿ ನಡೆಯೋ ಕಥೇಲಿ ಇಂಡಿಯನ್ನರೇ ಇಲ್ಲ ಅನ್ನೋ ಹಾಗಿದೆ. ಶುರೂನಲ್ಲಿ ಮೂವರನ್ನ ಗಲ್ಲಿಗೇರಿಸುವಾಗ ಇಬ್ಬರು ಬಿಳಿಯರಿಗೆ ಕೊನೆ ಮಾತಾಡೋಕೆ ಬಿಟ್ಟು, ಮೂರನೆಯವನು ಇಂಡಿಯನ್, ಬಾಯಿ ತೆರೆಯೋಷ್ಟರಲ್ಲಿ ಮುಖಕ್ಕೆ ಮುಸುಕು ಹಾಕ್ತಾರೆ, ಅದು ಚುರುಕಾದ ಏಟು, ಒಪ್ತೀನಿ. ಆದ್ರೆ ಆಮೇಲೆ ಸಿನಿಮಾನೂ ಅವರಿಗೆ ಮಾತಾಡೋ ಅವಕಾಶ ಕೊಡಲ್ಲ, ರೂಸ್ಟರ್ ಇಂಡಿಯನ್ ಮಕ್ಕಳನ್ನ ಜಗಲಿಯಿಂದ ಒದೆಯೋದೂ ಜೋಕ್ ಆಗಿ ಮುಗೀತು. ಅದೇ ಫೋರ್ಟ್ ಸ್ಮಿತ್ ಕೋರ್ಟಿಗೆ ಕೆಲಸ ಮಾಡಿದ ಮಾರ್ಷಲ್‌ಗಳಲ್ಲಿ ಬಾಸ್ ರೀವ್ಸ್ ಅನ್ನೋ ಕಪ್ಪುವರ್ಣೀಯ ಇದ್ದ, ಗುಲಾಮನಾಗಿ ಹುಟ್ಟಿ ಆ ಕಾಲದ ಅತಿ ಹೆಸರುವಾಸಿ ಮಾರ್ಷಲ್ ಆದವನು, ಅಂಥವರ ಸುಳಿವೂ ಇಲ್ಲ. ಜೆಫ್ ಬ್ರಿಜಸ್ ಮಾತು ಗಂಟಲಲ್ಲೇ ಉಳ್ಕೊಳ್ಳೋದು ಎರಡನೇ ತಕರಾರು. ಪಾತ್ರಕ್ಕೆ ಸರಿ ಇರಬಹುದು, ನಮ್ಮ ಕಿವಿಗೆ ಶಿಕ್ಷೆ. ಸಬ್‌ಟೈಟಲ್ ಹಾಕ್ಕೊಳ್ಳದೇ ನೋಡಿದ್ರೆ ಅರ್ಧ ಜೋಕ್ ಹೋಗ್ಬಿಡತ್ತೆ, ನಿಮಗೂ ಹಾಗೇ ಆಗಿರಬಹುದು ಅಂತ ನನ್ನ ಅನುಮಾನ.

ಮುಂದೇನು ನೋಡ್ಲಿ ಅಂದ್ರೆ, 'ಬ್ಲಡ್ ಸಿಂಪಲ್' ನೋಡಿಲ್ದಿದ್ರೆ ಮೊದಲು ಅದು, ಆಮೇಲೆ ತಕ್ಷಣ ಇದನ್ನೇ ಇನ್ನೊಂದು ಸಲ. ಅವರ 2018ರ 'ದಿ ಬ್ಯಾಲಡ್ ಆಫ್ ಬಸ್ಟರ್ ಸ್ಕ್ರಗ್ಸ್' ನೆಟ್‌ಫ್ಲಿಕ್ಸ್‌ಗೆ ಮಾಡಿದ್ದು, ಆರು ವೆಸ್ಟರ್ನ್ ಕಥೆಗಳು, ಅದ್ರಲ್ಲಿ ವ್ಯಾಗನ್ ಟ್ರೈನ್ ಜೊತೆ ಒರೆಗಾನ್‌ಗೆ ಹೊರಡೋ ಹುಡುಗಿ ಕಥೆ ಇದೆ, ಅವಳು ಮ್ಯಾಟಿಗೆ ಪೂರ್ತಿ ಉಲ್ಟಾ, ಚೌಕಾಸಿ ಮಾಡೋಕೆ ಬರಲ್ಲ, ಏನಾಗತ್ತೆ ನೀವೇ ನೋಡಿ. ಜಾನ್ ವೇಯ್ನ್‌ದು ಭಾನುವಾರ ಮಧ್ಯಾಹ್ನ ಊಟ ಆದ್ಮೇಲೆ ಫ್ರೆಂಡ್ ಜೊತೆ ಕೂತು ನೋಡಿ, ಕಣ್ಣಿನ ಪಟ್ಟಿ ವೇಯ್ನ್‌ಗೆ ಎಡಗಣ್ಣಿಗೆ, ಬ್ರಿಜಸ್‌ಗೆ ಬಲಗಣ್ಣಿಗೆ, ಬೆಟ್ ಕಟ್ಟಿದ್ರೆ ಗೆಲ್ತೀರ.